ಆರ್ವಿಲ್‌ನ ಕಳಂಕ ತೊಳೆಯಲು ಹೊರಟ ಬಸ್ಸು

ರೀವಾ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಬುಧವಾರದ ಪ್ರಾರ್ಥನೆಯಲ್ಲಿ ಪಾಸ್ಟರ್ ಹೋಬರ್ಟ್ "ಯಾರಿಗಾದ್ರೂ ವಿಶೇಷ ಪ್ರಾರ್ಥನೆ ಬೇಕಾ?" ಅಂತ ಕೇಳುವುದು ವಾಡಿಕೆ. ಕೇಳಿದಾಗ ರೀವಾ ಸ್ಟ್ಯಾಂಪರ್ ಸುಮ್ಮನೆ ಕೂತ ಉದಾಹರಣೆಯೇ ಇಲ್ಲ. ಎದ್ದು ನಿಂತಳು. "ನನ್ನ ಗಂಡ ಆರ್ವಿಲ್‌ಗೋಸ್ಕರ ಎಲ್ರೂ ಪ್ರಾರ್ಥನೆ ಮಾಡಿ. ಶುಕ್ರವಾರ ಕೋರ್ಟಿಗೆ ಹೋಗ್ತಿದಾನೆ, ಹಳೇ ಕೇಸು ದಾಖಲೆಯಿಂದ ಅಳಿಸ್ಕೊಂಡು ಬರೋಕೆ" ಅಂದು ಕೂತಳು.

ಕೆಂಟಕಿಯ ಆ ಗುಡ್ಡಗಾಡಿನಲ್ಲಿ ಪ್ರಾರ್ಥನೆಗೆ ಬಂದ ವಿಷಯ ದೇವರಿಗೆ ಮುಟ್ಟುವ ಮುಂಚೆ ದಿನಸಿ ಅಂಗಡಿಗೆ ಮುಟ್ಟಿರುತ್ತದೆ. ಶುಕ್ರವಾರ ಬೆಳಿಗ್ಗೆ ಆರ್ವಿಲ್, ಮದುವೆಗೆ ಹೊಲಿಸಿದ ಕೋಟನ್ನು ಹೇಗೋ ಮೈಗೆ ತುರುಕಿಕೊಂಡು ಹಿತ್ತಲ ಬಾಗಿಲಿಂದ ಕಳ್ಳನ ಹಾಗೆ ಹೊರಬಿದ್ದು ರಸ್ತೆಗೆ ಬಂದರೆ, ಮನೆ ಮುಂದೆ ಚರ್ಚಿನ ಬಸ್ಸು ನಿಂತಿತ್ತು. ಡ್ರೈವರ್ ಸೀಟಿನಲ್ಲಿ ಬಾಲ್ಯದ ಗೆಳೆಯ ಕ್ಲೋವಿಸ್. ಕಿಟಕಿಗೊಂದು ತಲೆ, ಮೊದಲನೇ ಕಿಟಕಿಯಲ್ಲಿ ರೀವಾಳದೇ.

"ಎಲ್ಲಿಗೆ ಹೊರಟ್ರಿ ಎಲ್ಲರೂ?" ಅಂದ ಆರ್ವಿಲ್, ಉತ್ತರ ಗೊತ್ತಿದ್ದೂ.

"ನಿನ್ನ ಪರವಾಗಿ ಎರಡು ಮಾತಾಡೋಕೆ," ಅಂದಳು ಪಕ್ಕದ ಮನೆಯ ಓಪಲ್. ಗಂಡ ಸತ್ತ ಮೇಲೆ ಓಪಲ್‌ಗೆ ಮಾತಾಡಲು ಜನ ಸಾಲದಾಗಿತ್ತು. ಕೋರ್ಟು ಅಂದರೆ ಅಲ್ಲಿ ಯಾರೂ ಅರ್ಧಕ್ಕೆ ಎದ್ದು ಹೋಗುವ ಹಾಗಿಲ್ಲ.

"ಯಾರೂ ಮಾತಾಡೋದು ಬೇಡ. ವಕೀಲರು ಹೇಳಿದಾರೆ, ಹೋಗಿ ನಿಂತ್ಕೊಂಡು ಬಂದ್ರೆ ಸಾಕಂತೆ."

"ನೀನು ಒಬ್ಬನೇ ನಿಂತ್ರೆ ಕಳ್ಳನ ಹಾಗೇ ಕಾಣ್ತೀಯ. ಬಾ, ಬಸ್ಸು ಹತ್ತು."

ಕಳ್ಳ ಅಂದರೆ ಆರ್ವಿಲ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಕದ್ದದ್ದೇನೋ ನಿಜ. ಹತ್ತೊಂಬತ್ತರ ವಯಸ್ಸಿನಲ್ಲಿ ರೀವಾಳ ಅಪ್ಪ, "ಕಾರಿಲ್ಲದ ಹುಡುಗನ ಜೊತೆ ನನ್ನ ಮಗಳು ಡ್ಯಾನ್ಸಿಗೆ ಬರೋದಿಲ್ಲ" ಅಂದಿದ್ದ. ಆ ಸಂಜೆ ಜಿಲ್ಲೆಯ ಶೆರಿಫ್ ತನ್ನ ಪೊಲೀಸ್ ಕಾರನ್ನು ಚಾಲೂ ಇಟ್ಟು ಹೋಟೆಲಿನೊಳಗೆ ಪೈ ತಿನ್ನುತ್ತಿದ್ದ. ಆರ್ವಿಲ್ ಅದನ್ನು ಏರಿ, ಸೈರನ್ ಹಾಕಿಕೊಂಡು ರೀವಾಳ ಮನೆಗೆ ಹೋದ. ಹಿತ್ತಿಲಲ್ಲಿ ಕಳ್ಳಭಟ್ಟಿ ಇಳಿಸುತ್ತಿದ್ದ ಅವಳಪ್ಪ ಸೈರನ್ ಕೇಳಿದವನೇ ಕಾಡಿಗೆ ಓಡಿದ. ರೀವಾ ಕಾರು ಹತ್ತಿದಳು. ಡ್ಯಾನ್ಸು ಮುಗಿಯುವಷ್ಟರಲ್ಲಿ ಶೆರಿಫ್ ನಡೆದುಕೊಂಡೇ ಅಲ್ಲಿಗೆ ಬಂದಿದ್ದ. ಆರ್ವಿಲ್‌ಗೆ ಹೆಂಡತಿಯೂ ಸಿಕ್ಕಳು, ಶಿಕ್ಷೆಯೂ ಸಿಕ್ಕಿತು.

ಆಮೇಲೆ ಕಲ್ಲಿದ್ದಲು ಲಾರಿ ಓಡಿಸಿ ನಿವೃತ್ತನಾಗುವ ತನಕ ಆ ಕೇಸು ಅವನನ್ನು ಬಾಧಿಸಿರಲಿಲ್ಲ. ಬಾಧಿಸಿದ್ದು ಈಗ, ಶೆಲ್ಬಿಯ ದೆಸೆಯಿಂದ. ಶೆಲ್ಬಿ ಅವನ ಮೊಮ್ಮಗಳು. ತಾಯಿ ಇಲ್ಲದ ಕೂಸನ್ನು ಅವನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದ. ಅವಳೀಗ ಬೇಟೆ ಇಲಾಖೆಯ ಆಫೀಸರು. ಯಾರು ಯಾವ ತಿಂಗಳು ಯಾವ ಪ್ರಾಣಿ ಹೊಡೆಯಬಹುದು, ಯಾವ ಮೀನು ಹಿಡಿಯಬಾರದು ಅಂತ ಕಾಯುವ ಕೆಲಸ. ರಾಜಧಾನಿಯಲ್ಲಿ ಪ್ರಮಾಣ ಮಾಡಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಊರಿಗೆ ಬಂದಿದ್ದಳು. ಅದೇ ಶುಕ್ರವಾರ ಸಂಜೆ ಚರ್ಚಿನಲ್ಲಿ ಅವಳಿಗೆ ಸನ್ಮಾನ, ಊಟ. ಅವಳ ಎದೆಗೆ ಬ್ಯಾಡ್ಜು ಚುಚ್ಚಬೇಕಾದವನು ತಾತ.

"ಆ ಬ್ಯಾಡ್ಜು ಮುಟ್ಟೋ ಕೈ ಶಿಕ್ಷೆ ಆದ ಕೈ ಆಗ್ಬಾರ್ದು," ಅಂತ ಪಟ್ಟು ಹಿಡಿದಿದ್ದ ಆರ್ವಿಲ್.

"ನಿನ್ನ ಕೈ ಯಾರು ನೋಡ್ತಾರೆ?" ಅಂದಿದ್ದಳು ರೀವಾ.

"ನಾನು ನೋಡ್ತೀನಿ."

ಆ ಮಾತಿಗೆ ರೀವಾ ಸುಮ್ಮನಾಗಿದ್ದಳು, ಬುಧವಾರದವರೆಗೆ.

ಬಸ್ಸು ದಾರಿಯಲ್ಲಿ ಎರಡು ಅಂಚೆ ಡಬ್ಬಿ ಬೀಳಿಸಿ, ಒಂದು ಬೇಲಿ ಸವರಿ ಕೋರ್ಟಿಗೆ ತಲುಪಿತು. ಶೆಲ್ಬಿ ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಯೂನಿಫಾರ್ಮಿನಲ್ಲೇ ಬಾ ಅಂತ ಅಜ್ಜಿಯ ಅಪ್ಪಣೆಯಾಗಿತ್ತು. ಅವಳನ್ನು ಕಂಡದ್ದೇ ಆರ್ವಿಲ್‌ನ ಎದೆ ಉಬ್ಬಿ ಕೋಟಿನ ಗುಂಡಿಯೊಂದು ಕಿತ್ತು ಬಿತ್ತು.

ಜಡ್ಜ್ ನೇಪಿಯರ್ ಕಡಿಮೆ ಮಾತಿನ ಹೆಂಗಸು. ಅರ್ಜಿ ಮೇಲೆ ಕಣ್ಣಾಡಿಸಿ, "ಶೆರಿಫ್ ಕಾರು ತಗೊಂಡು ಹೋಗಿದ್ದವರು ನೀವೇನಾ? ನಮ್ಮಪ್ಪ ಈ ಕತೆ ಹೇಳ್ತಿದ್ರು," ಅಂದಳು. ಆಮೇಲೆ ಸರ್ಕಾರಿ ವಕೀಲನ ಕಡೆ ತಿರುಗಿದಳು. "ನಿಮ್ಮದೇನಾದ್ರೂ ಆಕ್ಷೇಪಣೆ?"

"ಏನೂ ಇಲ್ಲ."

"ಸರಿ. ಕೇಳೋದಿನ್ನೇನೂ ಇಲ್ಲ." ಅವಳು ಪೆನ್ನಿನ ಮುಚ್ಚಳ ತೆಗೆದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಾಸ್ಟರ್ ಹೋಬರ್ಟ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಬೈಬಲ್ಲಿನ ಮೇಲೆ ಕೈಯಿಟ್ಟ ಮನುಷ್ಯನನ್ನು ಕೂರಿಸುವುದು ಆ ಊರಿನಲ್ಲಿ ಯಾವ ಜಡ್ಜಿಗೂ ಕಷ್ಟ.

"ಜಡ್ಜಮ್ಮ, ಈ ಆರ್ವಿಲ್ ಎಂಥ ಮನುಷ್ಯ ಅಂತ ಒಂದೇ ಮಾತು ಹೇಳ್ತೀನಿ. ಆ ದೊಡ್ಡ ಪ್ರವಾಹ ಬಂತಲ್ಲ, ನಮ್ಮ ಚರ್ಚು ಕೊಚ್ಚಿ ಹೋಗೋದರಲ್ಲಿತ್ತು. ಇವನೇ ಬುಲ್ಡೋಜರ್ ತಂದು ಕಟ್ಟೆ ಹಾಕಿ ಉಳಿಸಿದ್ದು."

"ಒಳ್ಳೇದು. ಬುಲ್ಡೋಜರ್ ಯಾರದ್ದು?"

"ರಸ್ತೆ ಇಲಾಖೇದು."

"ಅವರು ಕೊಟ್ರಾ?"

"ಭಾನುವಾರ ಅಲ್ಲಿ ಕೇಳೋಣ ಅಂದ್ರೆ ಯಾರಿದ್ರು? ಬೇಲಿ ಸ್ವಲ್ಪ ಮುರೀಬೇಕಾಯ್ತು, ಅಷ್ಟೆ."

ಆರ್ವಿಲ್ ಕಣ್ಣು ಮುಚ್ಚಿಕೊಂಡ. ಜಡ್ಜಮ್ಮ ಅರ್ಜಿಯನ್ನು ಮತ್ತೊಮ್ಮೆ ನೋಡಿದಳು. "ಅಂದ್ರೆ ಸರ್ಕಾರದ ಗಾಡಿ ಎತ್ಕೊಂಡು ಹೋಗಿದ್ದು ಒಂದೇ ಸಲ ಅಲ್ಲ. ಇರ್ಲಿ, ಅದೂ ಬಹಳ ಹಳೇದಾಯ್ತು. ಕೂತ್ಕೊಳ್ಳಿ."

ಪಾಸ್ಟರು ಗೆದ್ದ ಮುಖ ಮಾಡಿ ಕೂತರು. ಅವರು ಮಾತಾಡಿದ ಮೇಲೆ ತಾನು ಸುಮ್ಮನಿದ್ದರೆ ಗೆಳೆತನಕ್ಕೆ ಅವಮಾನ ಅಂತ ಕ್ಲೋವಿಸ್ ಎದ್ದ. ಜಡ್ಜಮ್ಮ ಎಲ್ಲಿದ್ದಾಳೆ ಅಂತ ಅತ್ತಿತ್ತ ಹುಡುಕಿ, ಕೊನೆಗೆ ಗೋಡೆಯ ಮೇಲಿದ್ದ ಬಾವುಟವನ್ನೇ ಅವಳೆಂದುಕೊಂಡು ಮರ್ಯಾದೆಯಿಂದ ಮಾತು ಶುರು ಮಾಡಿದ.

"ಅಮ್ಮ, ನನಗೆ ಕಣ್ಣು ಮಂಜಾದಾಗ ಲೈಸೆನ್ಸ್ ಹೋಗೋದ್ರಲ್ಲಿತ್ತು. ಈ ಪುಣ್ಯಾತ್ಮ ನನ್ನ ಹೆಸರಲ್ಲಿ ತಾನೇ ಹೋಗಿ ಕಣ್ಣಿನ ಪರೀಕ್ಷೆ ಕೊಟ್ಟು ಬಂದ. ಆಗ ಇಬ್ಬರಿಗೂ ಗಡ್ಡ ಇತ್ತು."

"ನಾನು ಈ ಕಡೆ ಇದೀನಿ," ಅಂದಳು ಜಡ್ಜಮ್ಮ. "ಇವತ್ತು ನಿಮ್ಮನ್ನೆಲ್ಲ ಇಲ್ಲಿಗೆ ಕರ್ಕೊಂಡು ಬಂದವರು ಯಾರು?"

"ನಾನೇ ಅಮ್ಮ. ಬಸ್ಸು ಆಚೆ ನಿಲ್ಸಿದೀನಿ."

ಜಡ್ಜಮ್ಮ ಕೋರ್ಟಿನ ಪೇದೆಗೆ ಸನ್ನೆ ಮಾಡಿದಳು. ಅವನು ಬಂದು ಕ್ಲೋವಿಸ್‌ನ ಕೈಯಿಂದ ಬೀಗದ ಕೈ ಇಸಿದುಕೊಂಡ. ಕೈ ಕುಲುಕಲು ಬಂದನೇನೋ ಅಂತ ಕ್ಲೋವಿಸ್ ಅವನಿಗೆ ವಂದನೆ ಹೇಳಿದ.

"ಜಡ್ಜಮ್ಮ, ಸಾಕು," ಅಂದ ಆರ್ವಿಲ್. "ದಯವಿಟ್ಟು ರುಜು ಹಾಕ್ಬಿಡಿ. ಇವರೆಲ್ಲ ಒಳ್ಳೇವರು. ಇವರು ಮಾತಾಡಿದಷ್ಟೂ ನಾನು ಕೆಟ್ಟವನಾಗ್ತಾ ಹೋಗ್ತೀನಿ."

ಅಷ್ಟರಲ್ಲಿ ಓಪಲ್ ಎದ್ದಾಗಿತ್ತು. ಅವಳು ಹ್ಯಾಟು ಸರಿಮಾಡಿಕೊಂಡ ರೀತಿ ನೋಡಿಯೇ ಆರ್ವಿಲ್‌ಗೆ ಅವಳು ಹೇಳಹೊರಟಿದ್ದು ಏನು ಅಂತ ಹೊಳೆಯಿತು. ಓಪಲ್‌ಗೆ ಗೊತ್ತಿದ್ದ ವಿಷಯ ಹಳೆಯದಾಗಿರಲಿಲ್ಲ. ಅವನು ಕಣ್ಣಿನಲ್ಲೇ ಬೇಡ, ಬೇಡ ಅಂದ. ಓಪಲ್ ಅದನ್ನು ಕೃತಜ್ಞತೆ ಅಂದುಕೊಂಡಳು.

"ನಾನು ಗಂಡ ಸತ್ತ ಹೆಂಗಸು. ನನ್ನ ಕಷ್ಟ ಕೇಳೋವ್ನು ಇವನೊಬ್ಬ. ಹೋದ ವಾರ ಒಂದು ಜಿಂಕೆ ನನ್ನ ಹಿತ್ತಿಲಿಗೆ ನುಗ್ಗಿ ಬೀನ್ಸ್ ಗಿಡ ಒಂದೂ ಬಿಡದೆ ತಿಂದ್ಹಾಕ್ತು. ಬೇಲಿ ಪಕ್ಕ ನಿಂತು ಇವನ ಹತ್ರ ಅತ್ತೆ. ಆವತ್ತು ಸಂಜೇನೇ ಬಂದೂಕ ತಂದ, ಒಂದೇ ಏಟು. ನನಗೆ ಒಂದು ತೊಡೆ ಕಳಿಸ್ಕೊಟ್ಟ. ಇಂಥ ನೆರೆಯವನು ಎಲ್ಲಿ ಸಿಗ್ತಾನೆ ಹೇಳಿ."

ಆಗ ಮೇ ತಿಂಗಳು. ಜಿಂಕೆ ಬೇಟೆಗೆ ಅವಕಾಶ ಇರುವುದು ಚಳಿ ಶುರುವಾಗುವ ಕಾಲದಲ್ಲಿ. ಮೇ ತಿಂಗಳಲ್ಲಿ ಹೊಡೆಯಬಾರದು ಅನ್ನುವುದು ಆ ಕಣಿವೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಓಪಲ್‌ಗೂ ಗೊತ್ತಿತ್ತು, ಹೊಗಳುವ ಭರದಲ್ಲಿ ಮರೆತುಹೋಗಿತ್ತು. ಯಾರೂ ತಿರುಗಿ ನೋಡಲಿಲ್ಲ, ಆದರೆ ಹಿಂದಿನ ಬೆಂಚಿನಲ್ಲಿ ಬೆಲ್ಟಿನ ಚರ್ಮ ಕಿರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಜಡ್ಜಮ್ಮ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನನ್ನ ಮುಂದಿರೋದು ಹಳೇ ಕೇಸು ಮಾತ್ರ. ಹೊಸದು ಯಾವುದೂ ಇನ್ನೂ ದಾಖಲಾಗಿಲ್ಲ," ಅಂದು ರುಜು ಹಾಕಿದಳು. "ಸ್ಟ್ಯಾಂಪರ್ ಅವರೇ, ಇನ್ನು ಯಾರು ಕೇಳಿದ್ರೂ ನನ್ನ ಮೇಲೆ ಯಾವ ಕೇಸೂ ಇಲ್ಲ ಅಂತ ಧೈರ್ಯವಾಗಿ ಹೇಳ್ಬಹುದು. ಹೇಳೋದಿದ್ರೆ ಬೇಗ ಹೇಳಿ."

ಆರ್ವಿಲ್ ಎದ್ದು ನಿಂತ. "ನನ್ನ ಮೇಲೆ ಯಾವ ಕೇಸೂ ಇಲ್ಲ," ಅಂದ, ಸ್ಪಷ್ಟವಾಗಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ. ಮೆಟ್ಟಿಲು ಇಳಿಯುವ ತನಕ ಅದು ನಿಜವೂ ಆಗಿತ್ತು.

ಮೆಟ್ಟಿಲ ಕೆಳಗೆ ಶೆಲ್ಬಿ ಕಾಯುತ್ತಿದ್ದಳು. ಕೈಯಲ್ಲಿ ದಂಡದ ಚೀಟಿಯ ಪುಸ್ತಕ. ಇನ್ನೂ ಒಂದು ಹಾಳೆಯೂ ಹರಿಯದ ಹೊಸ ಪುಸ್ತಕ.

"ತಾತ, ಓಪಲ್ ಅಜ್ಜಿ ಹೇಳಿದ್ದು ನಿಜಾನಾ?"

ಬಸ್ಸಿನ ಜನವೆಲ್ಲ ಅವಳನ್ನು ಮುತ್ತಿಕೊಂಡರು. "ಹೋಗ್ಲಿ ಬಿಡೇ ಮಗಳೇ," ಅಂದರು ಪಾಸ್ಟರು. "ಓಪಲ್‌ಗೆ ವಯಸ್ಸಾಯ್ತು, ಅದು ಮೊಲ ಇರ್ಬೇಕು," ಅಂದ ಕ್ಲೋವಿಸ್. ಓಪಲ್ ಮಾತ್ರ ಜನ್ಮದಲ್ಲಿ ಮೊದಲ ಸಲ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದಳು.

"ಎಲ್ಲರೂ ಸ್ವಲ್ಪ ಸುಮ್ನಿರಿ," ಅಂದ ಆರ್ವಿಲ್. "ನಿಜ ಕಣಮ್ಮ. ಹೊಡೆದೆ."

"ನಾನು ಕೇಳಿಸ್ಕೊಂಡ್ಬಿಟ್ಟೆ ತಾತ. ಕೇಳಿಸ್ಕೊಂಡಿದ್ದನ್ನ ಕೇಳಿಲ್ಲ ಅನ್ಬಾರ್ದು ಅಂತ ನೀನೇ ಹೇಳಿಕೊಟ್ಟಿದ್ದು." ಅವಳ ಕಣ್ಣು ತುಂಬಿತ್ತು, ಪುಸ್ತಕ ಊರಿ ಬರೆಯಲು ಅಲ್ಲಿ ಏನೂ ಇರಲಿಲ್ಲ.

ಆರ್ವಿಲ್ ಅವಳಿಗೆ ಬೆನ್ನು ಮಾಡಿ, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದ. ಅವಳು ಕೂಸಾಗಿದ್ದಾಗ ಕುದುರೆ ಆಟಕ್ಕೆ ಹೀಗೇ ಬಗ್ಗುತ್ತಿದ್ದ. "ಇಲ್ಲಿಟ್ಕೊಂಡು ಬರಿ. ಗಟ್ಟಿಯಾಗಿ ಒತ್ತಿ ಬರಿ, ಅಕ್ಷರ ಚೆನ್ನಾಗಿ ಮೂಡಲಿ."

ಶೆಲ್ಬಿ ಮೂಗು ಒರೆಸಿಕೊಂಡು ತನ್ನ ನೌಕರಿಯ ಮೊದಲ ಚೀಟಿಯನ್ನು ತಾತನ ಬೆನ್ನ ಮೇಲೆ ಬರೆದಳು. ಬಗ್ಗಿದವನ ಮುಖ ಕೆಂಪಾಗಿತ್ತು. ನಾಚಿಕೆಯೂ ಇತ್ತು, ಇಲ್ಲ ಅನ್ನಲಾಗದು. ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಹೆಮ್ಮೆಯಾಗಿತ್ತು. ಪ್ರಮಾಣ ಮಾಡಿದವಳು ತಾತ ಅಂತ ನೋಡಲಿಲ್ಲ, ನಾನು ಬೆಳೆಸಿದ ಹುಡುಗಿ ಇವಳು ಅಂತ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಬೇಕು ಅನ್ನಿಸಿತು. ಬಗ್ಗಿದ್ದಲ್ಲಿಂದಲೇ ಒಬ್ಬ ಅಂಚೆಯವನಿಗೆ ಹೇಳಿಯೂ ಹೇಳಿದ.

ಚೀಟಿ ಹರಿದುಕೊಟ್ಟು ಶೆಲ್ಬಿ ಕೊನೆಯ ಪ್ರಶ್ನೆ ಕೇಳಿದಳು. "ಒಂದು ತೊಡೆ ಓಪಲ್ ಅಜ್ಜಿಗೆ ಹೋಯ್ತು. ಉಳಿದ ಮಾಂಸ ಎಲ್ಲಿ?"

ಎಲ್ಲರೂ ರೀವಾಳ ಕಡೆ ನೋಡಿದರು. ಬೆಳಿಗ್ಗೆಯಿಂದ ಚರ್ಚಿನ ಅಡುಗೆಮನೆಯಲ್ಲಿ ಎರಡು ದೊಡ್ಡ ಹಂಡೆ ಸಾರು ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು. ದನದ ಮಾಂಸ ಅಂತ ರೀವಾ ಹೇಳಿದ್ದನ್ನು ಎಲ್ಲರೂ ನಂಬಿದ್ದರು.

"ಅದು ನಿನಗೋಸ್ಕರ ಮಾಡಿದ್ದು ಕಣೇ," ಅಂದಳು ರೀವಾ.

ಸಂಜೆ ಸನ್ಮಾನಕ್ಕೆ ಬಂದವರು ಬಾಗಿಲಲ್ಲಿ ಕಂಡದ್ದು, ಸನ್ಮಾನವಾಗಬೇಕಾದವಳು ಹಬೆಯಾಡುವ ಹಂಡೆಗಳಿಗೆ ಸೀಲು ಹಾಕಿ ಇಲಾಖೆಯ ಜೀಪಿಗೆ ಏರಿಸುತ್ತಿದ್ದುದನ್ನು. ಭಾರ ಎತ್ತಿಕೊಟ್ಟವನು ಆರೋಪಿ. ಉಪ್ಪು ನೋಡುವ ನೆಪದಲ್ಲಿ ಎರಡು ಬಟ್ಟಲು ಮುಗಿಸಿದ್ದ ಪಾಸ್ಟರ ಹೆಂಡತಿ ಆ ಕಡೆ ಸುಳಿಯಲಿಲ್ಲ. ಜನ ಬೇಯಿಸಿದ ಕಾಳು, ಮೆಕ್ಕೆಜೋಳದ ಬ್ರೆಡ್ಡು ತಿಂದರು; ಘಮಘಮ ಮಾತ್ರ ಜಿಂಕೆಯದೇ ಇತ್ತು.

ಊಟಕ್ಕೆ ಮುಂಚೆ ಆರ್ವಿಲ್ ವೇದಿಕೆ ಹತ್ತಿದ. ಜೇಬಿನಿಂದ ದಂಡದ ಚೀಟಿ ಇಣುಕುತ್ತಿತ್ತು, ಅದನ್ನು ಒಳಗೆ ತುರುಕುವ ಗೋಜಿಗೂ ಹೋಗಲಿಲ್ಲ. ಬ್ಯಾಡ್ಜನ್ನು ಅವಳ ಎದೆಗೆ ನೆಟ್ಟಗೆ ಚುಚ್ಚಿದ. "ಕೈ ಮತ್ತೆ ಕೊಳೆ ಆಯ್ತಲ್ಲ ಕಣಮ್ಮ," ಅಂದ ಮೆಲ್ಲಗೆ. "ನನ್ನ ಬ್ಯಾಡ್ಜಿಗೆ ಇದೇ ಕೈ ಬೇಕು," ಅಂದು ಶೆಲ್ಬಿ ಅವನನ್ನು ತಬ್ಬಿಕೊಂಡಳು. ಕೋಟಿನ ಉಳಿದ ಗುಂಡಿಯೂ ಹೋಯಿತು.

ಇಳಿದು ಬಂದವನ ಕೈಗೆ ಓಪಲ್ ದೊಡ್ಡ ತುಂಡು ಆಪಲ್ ಪೈ ಇಟ್ಟಳು. ಮಧ್ಯಾಹ್ನದಿಂದ ಸುಮ್ಮನಿದ್ದು ಅವಳಿಗೆ ಸಾಕಾಗಿಹೋಗಿತ್ತು.

"ಈ ಹೊಸ ಕೇಸು ಅಳಿಸ್ಬೇಕಾದ್ರೆ ಎಷ್ಟು ವರ್ಷ ಕಾಯ್ಬೇಕಂತೆ ಆರ್ವಿಲ್?"

"ಐದು ಅಂತಾರೆ."

"ಚಿಂತೆ ಮಾಡ್ಬೇಡ. ದೇವರು ಆಯಸ್ಸು ಕೊಟ್ರೆ ನಾವೆಲ್ಲ ಮತ್ತೆ ಬಂದು ಸಾಕ್ಷಿ ಹೇಳ್ತೀವಿ. ಇವತ್ತು ಆ ಜಡ್ಜಮ್ಮ ಅವಸರ ಮಾಡಿದ್ಲು, ನೀನು ಮಾಡಿದ ಎಷ್ಟೋ ಉಪಕಾರ ಹೇಳೋದೇ ಆಗ್ಲಿಲ್ಲ. ಮೊನ್ನೆ ಮೊನ್ನೆ ಆ ಮೀನಿನ ವಿಷಯ ಇಲ್ವಾ?"

ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದ ಶೆಲ್ಬಿ ಬ್ರೆಡ್ಡಿನ ತುಂಡನ್ನು ಕೆಳಗಿಟ್ಟು, ಚೀಟಿ ಪುಸ್ತಕವಿದ್ದ ಜೇಬಿಗೆ ಕೈ ಹಾಕಿದಳು.

"ಯಾವ ಮೀನು, ಓಪಲ್ ಅಜ್ಜಿ?"