ಪಕ್ಕದಲ್ಲಿ ಸಾಯುವವರು ನಮ್ಮ ಪೇಶಂಟರಲ್ಲ

ಹಲ್ಲಿನ ಡಾಕ್ಟರ ಬಾಗಿಲಿಗೆ ನಗುತ್ತಾ ಬರುವವರು ಯಾರೂ ಇಲ್ಲ. ಆದರೂ ನನ್ನ ದವಾಖಾನೆಯಲ್ಲಿ ನಗೆಪಾಟಲು ಆಗದ ವಾರವಿರಲಿಲ್ಲ. ಅದರ ಪುಣ್ಯವೆಲ್ಲ ನಡುವಿನ ಪ್ಲೈವುಡ್ ಗೋಡೆಗೆ ಸೇರಬೇಕು.

ನಾನು ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದೆ. ಗಂಡನಿಗೆ ಚಾಕಣದ ಕಾರಿನ ಕಾರಖಾನೆಯಲ್ಲಿ ಕೆಲಸ. ಬಿಬವೇವಾಡಿಯಲ್ಲಿ ಮೊದಲ ಮಹಡಿಯ ಮೇಲೆ ಅರ್ಧ ಅಂಗಡಿ ಸಿಕ್ಕಿತು. ಅರ್ಧ ಅಂದರೆ ನಿಜವಾಗಿಯೂ ಅರ್ಧವೇ. ಕಟ್ಟಡದ ಮಾಲೀಕರು ಒಂದೇ ಅಂಗಡಿಯ ನಡುವೆ ಪ್ಲೈವುಡ್ ಹೊಡೆಸಿ ಇಬ್ಬರಿಗೆ ಕೊಟ್ಟಿದ್ದರು. ಆ ಕಡೆ ಎಸ್‌ಟಿಡಿ ಬೂತು. ಅಲ್ಲಿಗೆ ಬಂದವರೆಲ್ಲ ದಿನವಿಡೀ, "ನಾವೆಲ್ಲ ಆರಾಮ ಅದೇವಿ, ನೀವು ಆರಾಮ?" ಎಂದು ಊರಿಗೆ ಕೇಳುವಂತೆ ಕೂಗುತ್ತಿದ್ದರು. ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೂ ಅದರಿಂದ ಒಂದಿಷ್ಟು ಧೈರ್ಯ ಬರುತ್ತಿತ್ತು.

ಗಂಡನ ಸೋದರಮಾವ ಬಾರಾಮತಿಯಲ್ಲಿ ದೊಡ್ಡ ಹಲ್ಲಿನ ಡಾಕ್ಟರು. ಮನೆಯಲ್ಲಿ ಅವರ ಮಾತೆಂದರೆ ಶಿಲಾಶಾಸನ. "ದಸರಾ ತನಕಾ ನೋಡು. ನಡೀಲಿಲ್ಲಂದ್ರ ಗಂಟುಮೂಟಿ ಕಟ್ಟಿ ಬಾರಾಮತಿಗೆ ಬಾ. ಇಲ್ಲಿ ಕಬ್ಬು ತಿಂದು ಮುರಕೊಂಡ ಹಲ್ಲು ಬೇಕಾದಷ್ಟು ಅದಾವ. ರವಿವಾರಕ್ಕೊಮ್ಮೆ ಗಂಡನ ಕಡೆ ಹೋಗಿಬಾ" ಎಂದಿದ್ದರು. ಬಾರಾಮತಿ ಕೆಟ್ಟ ಊರೇನಲ್ಲ. ಆದರೆ ಅಲ್ಲಿಯ ಬೋರ್ಡಿನ ಮೇಲೆ ಮಾವನ ಹೆಸರು, ಇಲ್ಲಿಯ ಬೋರ್ಡಿನ ಮೇಲೆ ನನ್ನ ಹೆಸರು. ನನಗೆ ನನ್ನ ಹೆಸರೂ ಬೇಕಿತ್ತು, ನನ್ನ ಗಂಡನೂ ಬೇಕಿದ್ದ.

ಒಳ್ಳೆ ಮನುಷ್ಯಾ

ಎಲ್ಲರ ಕೈಗೂ ಮೊಬೈಲು ಬಂದು ಬೂತು ನೊಣ ಹೊಡೆಯತೊಡಗಿತು. ಬೂತಿನ ಕಾಕಾ ವಿಜಾಪುರದ ಕಡೆಯವರು. ಹಣೆ ತುಂಬ ವಿಭೂತಿ, ಬಾಯಲ್ಲಿ ಸದಾ ಶಿವನಾಮ. ಮೆಟ್ಟಿಲ ಮೇಲೆ ಇರುವೆ ಸಾಲು ಕಂಡರೆ ದಾಟಿ ಹೋಗುವವರಲ್ಲ, ನಿಂತು ಸಕ್ಕರೆ ಹಾಕುವವರು. ಅಂಥವರು ಒಂದು ದಿನ ಪೇಡೆ ಹಿಡಿದುಕೊಂಡು ಬಂದು, ಫೋನು ಮಾರಿ ಕಂಪ್ಯೂಟರ್ ತಂದಿದ್ದೇನೆ, ಇನ್ನು ಮೇಲೆ ಹುಡುಗರಿಗೆ ಗೇಮು ಎಂದರು.

"ಎಂಥಾ ಗೇಮ್ ರೀ ಕಾಕಾ?"

"ಬಾಡಿಗಿ ಸಿಪಾಯಿದು ರೀ ಡಾಕ್ಟರ್‌ಬಾಯಿ. ರೊಕ್ಕ ಕೊಟ್ಟವರ ಪರವಾಗಿ ಬಡದಾಡತಾನ. ಗುಂಡು ಎಲ್ಲಿ ಬಡೀತದೋ ಅಷ್ಟೇ ಭಾಗ ಕಳಚಿ ಬೀಳತದಂತ. ಕೈಗೆ ಬಡದ್ರ ಕೈ, ಕಾಲಿಗೆ ಬಡದ್ರ ಕಾಲು. ರಕ್ತ ಅಂತೂ ಧೋ ಧೋ ಅಂತ ಸುರೀತದಂತ."

"ಅಯ್ಯ! ನೀವು ನೋಡೀರೇನು?"

"ಶಿವ ಶಿವಾ! ನಾ ಯಾಕ ನೋಡ್ಲಿ?"

ನಿಜವಾಗಿಯೂ ನೋಡುತ್ತಿರಲಿಲ್ಲ. ಮೊದಲ ದಿನದಿಂದಲೇ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಕೊಂಡಿದ್ದರು. ಗಿರಾಕಿಗಳಿಗೆ ಬೆನ್ನು, ಗೋಡೆಯ ಮೇಲಿನ ಬಸವಣ್ಣನಿಗೆ ಮುಖ. ಬೆಳಿಗ್ಗೆ ಮಾತ್ರ ಕಂಪ್ಯೂಟರ್ ಹಚ್ಚುವ ಮೊದಲೇ ಒಂದೊಂದಕ್ಕೂ ಊದುಬತ್ತಿ ಬೆಳಗಿ ಬರುತ್ತಿದ್ದರು.

ಪೇಡೆ ಕೊಟ್ಟು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: "ಆದ್ರ ಒಂದ್ ಮಾತ್ ರೀ. ಆ ಸಿಪಾಯಿಗೆ ಯಾರ ಮ್ಯಾಲೂ ಸಿಟ್ಟಿಲ್ಲಂತ. ಬರೇ ಡ್ಯೂಟಿ. ಒಳ್ಳೆ ಮನುಷ್ಯಾ ಇದ್ದಾನ."

ಒಂಟಿ ಚಪ್ಪಲಿ

ಆ ಒಳ್ಳೆ ಮನುಷ್ಯನಿಂದ ನನಗೆ ಮೊದಲ ಪೆಟ್ಟು ಬಿದ್ದದ್ದು ಒಬ್ಬ ನಿವೃತ್ತ ಮಾಸ್ತರರ ರೂಪದಲ್ಲಿ. ಹಲ್ಲು ಕೀಳಿಸಲು ಬಂದು ಹೊರಗಿನ ಉದ್ದನೆಯ ಮರದ ಬಾಕಿನ ಮೇಲೆ ಕೂತಿದ್ದರು. ನಾನು ಒಳಗೆ ಸಾಮಾನು ಹೊಂದಿಸುತ್ತಿದ್ದೆ. ಕುರ್ಚಿಯಲ್ಲಿ ಯಾರೂ ಇರಲಿಲ್ಲ, ಆದರೆ ಅದು ಮಾಸ್ತರರಿಗೆ ಹೇಗೆ ಗೊತ್ತಾಗಬೇಕು?

ಪ್ಲೈವುಡ್ಡಿನ ಆಚೆಯಿಂದ ಮರಾಠಿಯಲ್ಲಿ ಒಬ್ಬ, "ಧರ, ಧರ! ಸೋಡೂ ನಕೋಸ!" ಎಂದು ಅರಚಿದ. ಹಿಡಿ, ಹಿಡಿ, ಬಿಡಬೇಡ ಎಂದು. ಹಿಂದೆಯೇ ಎದೆ ಒಡೆಯುವಂಥ ಒಂದು ಚೀತ್ಕಾರ. ಆಮೇಲೆ ಇನ್ನೊಬ್ಬನ ನರಳಾಟ: "ಮೇಲೋ ರೇ, ಮೇಲೋ!" ಸತ್ತೆನಪ್ಪೋ, ಸತ್ತೆ. ಕೊನೆಗೆ ಒಂದು ತಣ್ಣನೆಯ ದನಿ: "ಚಲಾ, ನೆಕ್ಸ್ಟ್."

ಸರಿಯಾಗಿ ಅದೇ ಹೊತ್ತಿಗೆ ನಾನು ಬಾಗಿಲು ತೆರೆದೆ. ಮುಖಕ್ಕೆ ಮಾಸ್ಕು, ಕೈಯಲ್ಲಿ ಇಕ್ಕಳ. "ಯಾ, ಮಾಸ್ತರ" ಎಂದೆ, ಬನ್ನಿ ಎಂದು.

ಬಾಕು ಖಾಲಿ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಬಿದ್ದಿತ್ತು.

ಮರುದಿನ ಮಾಸ್ತರರು ಬಂದರು. ಮೇಲೆ ಹತ್ತಲಿಲ್ಲ, ರಸ್ತೆಯಲ್ಲಿ ನಿಂತೇ ಕೂಗಿದರು: "ಡಾಕ್ಟರ್‌ಬಾಯಿ, ಹಲ್ಲುನೋವು ತಾನಾಗಿಯೇ ಹೋಯಿತು. ಚಪ್ಪಲಿ ಅಷ್ಟು ಕೆಳಗೆ ಎಸೆಯಿರಿ!"

ಬೋರ್ಡು

ಕಾಕಾಗೆ ಹೇಳಿದೆ, ಆವಾಜು ಕಡಿಮೆ ಮಾಡಿಸಿ ಎಂದು. ಕಾಕಾ ಕೈ ಮುಗಿದರು. "ಹುಡುಗೋರು ಬ್ಯಾರೆ ಕಡೆ ಹೋಗ್ತಾವ್ ರೀ. ಆವಾಜ್ ಇಲ್ಲದ ಸತ್ರ ಮಜಾ ಇಲ್ಲಂತ."

ಮಧ್ಯಾಹ್ನ ಒಂದರಿಂದ ನಾಲ್ಕು ಮಾತ್ರ ಪೂರ್ತಿ ನಿಶ್ಶಬ್ದ. ಆಗ ಮೇಲಿನ ಮಹಡಿಯ ಮಾಲೀಕರು ಮಲಗುವ ಹೊತ್ತು. ಅವರ ನಿದ್ದೆ ಕೆಟ್ಟರೆ ಇಬ್ಬರ ಅಂಗಡಿಯೂ ಬೀದಿಗೆ. ಹುಡುಗರು ಆಗ ತುಟಿಪಿಟಕ್ಕೆನ್ನದೆ ಕೊಂದು, ತುಟಿಪಿಟಕ್ಕೆನ್ನದೆ ಸಾಯುತ್ತಿದ್ದರು. ನಾನೂ ಜಾಣೆಯಾಗಿ ನನ್ನ ಪೇಶಂಟರಿಗೆಲ್ಲ ಒಂದರಿಂದ ನಾಲ್ಕರ ಹೊತ್ತು ಕೊಟ್ಟೆ. ಒಬ್ಬರೂ ಬರಲಿಲ್ಲ. ಪುಣೆಯಲ್ಲಿ ಆ ಹೊತ್ತಿಗೆ ಮಾಲೀಕರೊಬ್ಬರೇ ಮಲಗುತ್ತಾರೆಯೇ? ಹಲ್ಲುನೋವಿನವರೂ ಮಲಗುತ್ತಾರೆ.

ಈ ಊರಲ್ಲಿ ಸಿಟ್ಟು ಬಂದರೆ ಬಾಯಿ ಮಾಡುವುದಿಲ್ಲ, ಬೋರ್ಡು ಬರೆಸುತ್ತಾರೆ. ನಮ್ಮ ಮಾಲೀಕರ ಬಾಗಿಲಲ್ಲೇ ಒಂದಿತ್ತು: 'ಮಧ್ಯಾಹ್ನ ಬೆಲ್ ಒತ್ತಬೇಡಿ. ನಾವು ಒಳಗೇ ಇರುತ್ತೇವೆ, ಆದರೆ ಏಳುವುದಿಲ್ಲ.' ಊರಿಗೆ ಬಂದವಳು ನೀರಿಗೆ ಬಾರದಿದ್ದರೆ ಹೇಗೆ? ನಾನೂ ಚೊಕ್ಕ ಮರಾಠಿಯಲ್ಲಿ ಒಂದು ಬರೆಸಿ ಹಾಕಿದೆ: 'ಪಕ್ಕದಲ್ಲಿ ಸಾಯುವವರು ನಮ್ಮ ಪೇಶಂಟರಲ್ಲ.'

ಜನ ಬರತೊಡಗಿದರು. ಬೋರ್ಡು ಓದಲಿಕ್ಕೆ. ಓದಿ, ನಕ್ಕು, ಇಳಿದು ಹೋಗುತ್ತಿದ್ದರು. ಒಬ್ಬ ಅಜ್ಜ ಮಾತ್ರ ನಗಲಿಲ್ಲ. ಕನ್ನಡಕ ಏರಿಸಿ ಮತ್ತೊಮ್ಮೆ ಓದಿ, ಒಳಗೆ ಇಣುಕಿ ಗಂಭೀರವಾಗಿ ಕೇಳಿದರು:

"ಹಾಗಾದರೆ ನಿಮ್ಮ ಪೇಶಂಟರು ಸಾಯುವುದೆಲ್ಲಿ?"

ದವಡೆಯ ವಿಚಾರ

ಒಂದು ಸಂಜೆ ಗೇಮಿನ ಹುಡುಗರೇ ಬಾಗಿಲು ಬಡಿದರು. ಎಲ್ಲ ಕಾಲೇಜು ಓದುವವರು. ಅವರಲ್ಲೊಂದು ವ್ಯಾಜ್ಯ ಹುಟ್ಟಿತ್ತು. ದವಡೆಗೆ ಗುಂಡು ಬಿದ್ದರೆ ಹಲ್ಲು ಒಂದೊಂದೇ ಹಾರುತ್ತವೆಯೋ, ಇಡೀ ದವಡೆ ಹಾರುತ್ತದೆಯೋ? "ಮ್ಯಾಡಮ್, ನೀವೇ ಬಂದು ನೋಡಿ ಹೇಳಿ" ಎಂದರು.

ಹೋದೆ. ಹಳೆಯ ಫೋನಿನ ಗೂಡುಗಳಲ್ಲೇ ಕಂಪ್ಯೂಟರ್ ಕೂತಿದ್ದವು. ಪರದೆಯ ಮೇಲೆ ಒಬ್ಬ ಬಿದ್ದಿದ್ದ, ಅರ್ಧ ಮುಖ ಇರಲಿಲ್ಲ. ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಮ್ಯಾಡಮ್ ಈಗ ಕಿರುಚುತ್ತಾಳೆ, ಈಗ ಬೀಳುತ್ತಾಳೆ ಎಂದು.

ನನಗೆ ಬಂದದ್ದು ಸಿಟ್ಟು. ಇಷ್ಟು ಖರ್ಚು ಮಾಡಿ ರಕ್ತ ಸುರಿಸಿದವರು ಒಂದು ಹಲ್ಲನ್ನು ಸರಿಯಾಗಿ ಕೂರಿಸಬಾರದೆ? ಬಗ್ಗಿ ನೋಡಿ ಹೇಳಿದೆ, "ಇದು ಪೂರಾ ತಪ್ಪು. ಇವನಿಗೆ ದವಡೆಹಲ್ಲೇ ಇಲ್ಲ. ನರ ಎಲ್ಲಿ ಹೋಯಿತು? ಕೆಳದವಡೆಯ ನರ ಇಲ್ಲಿ, ಕಿವಿಯ ಕೆಳಗಿನಿಂದ ಒಳಗೆ ಇಳಿಯುತ್ತದೆ. ಅದಕ್ಕೇ ನಾವು ಸೂಜಿಯನ್ನು ಬಾಯಿಯ ಕಟ್ಟಕಡೆಗೆ ಒಯ್ದು, ಎಲುಬು ತಾಗುವವರೆಗೆ ನಿಧಾನಕ್ಕೆ ಒಳಗೆ..."

ಅಷ್ಟರಲ್ಲಿ ಧಪ್ಪೆಂದು ಸದ್ದಾಯಿತು. ಇಡೀ ಬಿಬವೇವಾಡಿಯಲ್ಲಿ ತಲೆ ಹಾರಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಉದ್ದನೆಯ ಹುಡುಗ ಕೀಬೋರ್ಡಿನ ಮೇಲೆ ತಲೆ ಇಟ್ಟುಬಿಟ್ಟಿದ್ದ. ಒಬ್ಬ ನೀರಿಗೆ ಓಡಿದ, ಇನ್ನೊಬ್ಬ ತನ್ನ ದವಡೆ ಹಿಡಿದುಕೊಂಡು ನಿಂತ.

ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಕಾಕಾ ಹಿಂತಿರುಗದೆಯೇ ಹೇಳಿದರು: "ಡಾಕ್ಟರ್‌ಬಾಯಿ, ಇದು ಹುಡುಗೋರು ಆಡೋ ಜಾಗ ಅದ ರೀ. ಇಂಥಾವೆಲ್ಲಾ ಇಲ್ಲಿ ಮಾತಾಡಬ್ಯಾಡ್ರಿ."

ಕೆಲಸ ಇಲ್ಲೇನ್ರಿ ಅವಕ್ಕ?

ದಸರೆ ಹತ್ತಿರವಾಯಿತು. ಬಾಕು ಖಾಲಿಯೇ. ಬಾರಾಮತಿ ಮಾವನ ಫೋನು ಮಾತ್ರ ತಪ್ಪದೆ ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತು ಗಂಡನೂ ನಾನೂ ಬಾರಾಮತಿ ಬಸ್ಸಿನ ವೇಳೆ ಲೆಕ್ಕ ಹಾಕುತ್ತಿದ್ದೆವು.

ಆಗ ಬಂದಳು, ಹಿಂದಿನ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸದಾಕೆ. ಯಾದಗಿರಿ ಕಡೆಯವಳು, ಕೆನ್ನೆ ಊದಿ ಕುಂಬಳವಾಗಿತ್ತು. ಪಕ್ಕದಲ್ಲಿ ದಡದಡ ಗುಂಡು ಹಾರುತ್ತಿತ್ತು. ಇವಳೂ ಓಡಿದಳು ಎಂದುಕೊಂಡೆ.

"ಅಂಜಬ್ಯಾಡವಾ, ಅದು ಆಟದ ಆವಾಜು" ಎಂದೆ.

"ಎಲ್ಲಿ ಆವಾಜ್ರಿ?" ಎಂದು ಆಕೆ ಕಿವಿ ಹರಿಯುವಂತೆ ಕೂಗಿದಳು. "ನಮ್ಮ ಸೈಟಿನ್ಯಾಗ ಮಿಕ್ಸರ್ ನಡೆದ್ರ ನಮ್ಮತ್ತಿ ಬೈಯೋದು ಸೈತ ಕೇಳಂಗಿಲ್ಲ. ನೀವು ಕೀಳ್ರಿ!"

ಕಿತ್ತೆ. ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡುತ್ತಿದ್ದಾಗ ಆಚೆಯಿಂದ "ಮೇಲೋ!" ಎಂಬ ಕೂಗು ಬಂತು. ಬಾಯಿಯ ಹತ್ತಿ ಒತ್ತಿಕೊಂಡೇ ಯಾರು ಸತ್ತದ್ದು ಎಂದು ಕೇಳಿದಳು. ಹುಡುಗರು ಒಬ್ಬರನ್ನೊಬ್ಬರು ಕೊಲ್ಲುತ್ತಾರೆ, ಸತ್ತವರು ಮತ್ತೆ ಎದ್ದು ಬರುತ್ತಾರೆ ಎಂದೆ.

"ಎದ್ದು?"

"ಮತ್ತ ಸಾಯ್ತಾರ."

"ಕೆಲಸ ಇಲ್ಲೇನ್ರಿ ಅವಕ್ಕ?"

ಮುಂದಿನ ರವಿವಾರ ಆ ಪುಣ್ಯಾತ್ಗಿತ್ತಿ ಇಡೀ ಸೈಟನ್ನೇ ಕರೆತಂದಳು. ಬಾಕು ತುಂಬಿ ಮೆಟ್ಟಿಲ ಮೇಲೂ ಜನ ಕೂತರು. ನನಗೆ ಅಳು ಬಂತು, ಮಾಸ್ಕು ಇದ್ದದ್ದರಿಂದ ಮರ್ಯಾದೆ ಉಳಿಯಿತು. ಆದರೆ ಅವರಿಗೆ ರಜೆ ಇದ್ದದ್ದು ರವಿವಾರ ಒಂದೇ. ಮಾವ ಬಂದದ್ದು ಗುರುವಾರ.

ಬಾರಾಮತಿ ಮಾವ

ದಸರೆಯ ಮುನ್ನಾದಿನ. ಸುಡುವ ಬಿಸಿಲಲ್ಲಿ ಕಿವಿ ಮುಚ್ಚಿ ಮಫ್ಲರ್ ಸುತ್ತಿಕೊಂಡು ಮಾವ ಹತ್ತಿ ಬಂದರು. ಹಿಂದೆ ನನ್ನ ಗಂಡ, ತಪ್ಪು ಮಾಡಿದವನ ಹಾಗೆ. ಮಾವ ಖಾಲಿ ಬಾಕು ನೋಡಿದರು, ಬೋರ್ಡು ಓದಿದರು, ನಗಲಿಲ್ಲ. ಒಳಗೆ ಬಂದು ಪೇಶಂಟಿನ ಕುರ್ಚಿಯಲ್ಲೇ ಕೂತರು. ಕೂರಲು ಇನ್ನೊಂದು ಕುರ್ಚಿ ಇರಲೂ ಇಲ್ಲ.

"ಹಠ ಸಾಕವಾ. ಹಬ್ಬ ಮುಗೀತಂದ್ರ ಬಾರಾಮತಿ. ಬೋರ್ಡ್ ಇಳಸು."

ಬಾಗಿಲಿಗೆ ಬಂದ ಹಿರಿಯರಿಗೆ ಬಾಯಿ ಸಿಹಿ ಮಾಡದೆ ಕಳಿಸಬಾರದೆಂದು, ಅವ್ವ ಧಾರವಾಡದಿಂದ ಕಳಿಸಿದ್ದ ಅಂಟಿನುಂಡಿ ಮುಂದಿಟ್ಟೆ. ನಮ್ಮವ್ವನ ಅಂಟಿನುಂಡಿಯ ರುಚಿಗೆ ಹೆಸರಿದೆ, ಗಟ್ಟಿತನಕ್ಕೂ ಇದೆ. ಮಾವ ಉಂಡಿಯನ್ನು ಅನುಮಾನದಿಂದ ನೋಡಿದರು. ಬೀಗರ ಮನೆಯದು, ಒಲ್ಲೆ ಅನ್ನುವಂತಿಲ್ಲ. ಕಚ್ಚಿದರು.

ಕಟ್ ಎಂದಿತು. ಮಾವನ ಕಣ್ಣು ಮೇಲೆ ಹೋದವು. ಮಫ್ಲರ್ ಬಿಚ್ಚಿದೆ. ಕೆನ್ನೆ ಮೊದಲೇ ಊದಿತ್ತು! ಒಳಗೆ ಬೆಳಕು ಹಾಕಿ ನೋಡಿದರೆ, ಎಷ್ಟೋ ಕಾಲದಿಂದ ಕೊಳೆಯುತ್ತಿದ್ದ ದವಡೆಹಲ್ಲು ಈಗ ಎರಡು ಹೋಳು.

"ಮಾವಾ, ಇಷ್ಟ್ ದಿವಸ ಯಾರಿಗೂ ತೋರಿಸಿಲ್ಲೇನ್ರಿ?"

"ಬಾರಾಮತಿಯೊಳಗ ಛಲೋ ಡಾಕ್ಟರ್ ಅಂದ್ರ ನಾ ಒಬ್ಬಾಂವ. ನನಗ ನಾ ಹೆಂಗ ತೋರಸ್ಲಿ?"

ಕೀಳಲೇಬೇಕಿತ್ತು. ಸೂಜಿ ತುಂಬಿಕೊಂಡೆ. ಜೀವಮಾನವಿಡೀ ಸೂಜಿಯನ್ನು ಹಿಡಿಕೆಯ ಕಡೆಯಿಂದಲೇ ನೋಡಿದವರು, ಮೊದಲ ಸಲ ಮೊನೆಯ ಕಡೆಯಿಂದ ನೋಡಿದರು. ನಾನಿನ್ನೂ ಮುಟ್ಟಿರಲಿಲ್ಲ. ಮಾವ ಕಿರುಚಿದರು. ಎಂಥ ಕಿರುಚಾಟವೆಂದರೆ ಟ್ರೇಯಲ್ಲಿದ್ದ ಸಾಮಾನು ಝಣಗುಟ್ಟಿತು.

ಆಚೆ ಗುಂಡಿನ ಸದ್ದು ತಟ್ಟನೆ ನಿಂತಿತು. ಆಮೇಲೆ ಉದ್ದನೆಯ ಹುಡುಗನ ದನಿ, ನಡುಗುತ್ತಾ: "ಹೇ ಖರಂ ಆಹೇ ರೇ! ಪಳಾ!" ಇದು ನಿಜವಾದದ್ದು ಕಣ್ರೋ, ಓಡಿ! ಕುರ್ಚಿಗಳು ಉರುಳಿದವು, ಬಾಡಿಗೆ ಸಿಪಾಯಿಗಳೆಲ್ಲ ಮೆಟ್ಟಿಲಿಳಿದು ಓಡಿದ ಸದ್ದು ಬೀದಿಯವರೆಗೂ ಕೇಳಿತು.

ಆ ಶಾಂತಿಯಲ್ಲಿ ನಾನು ಸೂಜಿ ಚುಚ್ಚಿ, ದವಡೆ ಜೋಮು ಹಿಡಿದ ಮೇಲೆ ಹಾಯಾಗಿ ಹಲ್ಲು ಕಿತ್ತೆ. ಮಾವನಿಗೆ ಗೊತ್ತೇ ಆಗಲಿಲ್ಲ. "ಆತೇನು?" ಎಂದು ಕೇಳಿದರು. ಆಮೇಲೆ ಎದ್ದು ಕೂತು, ಮಫ್ಲರ್ ಸರಿಮಾಡಿಕೊಂಡು, ಬಾಗಿಲ ಕಡೆ ನೋಡಿ ಮೆಲ್ಲಗೆ ವಿಚಾರಿಸಿದರು:

"ಎಷ್ಟ್ ಮಂದಿ ಕೇಳಿರಬೇಕು?"

"ಇಡೀ ಬಿಬವೇವಾಡಿ" ಎಂದ ನನ್ನ ಗಂಡ. ಆ ದಿನ ಅವನ ಮೇಲೆ ನನಗೆ ಉಕ್ಕಿದ ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ.

ಮಾವ ಹತ್ತಿ ಕಚ್ಚಿಕೊಂಡೇ ತೀರ್ಪು ಕೊಟ್ಟರು: "ನಿನ್ನ ಕೈ ಭಾಳ ಹಗುರ ಅದ. ನೀ ಇಲ್ಲೇ ಇರು. ಬಾರಾಮತಿಗೆ ಬರೋದೂ ಬ್ಯಾಡ, ಅಲ್ಲಿ ಯಾರ ಮುಂದೂ ಏನೂ ಹೇಳೋದೂ ಬ್ಯಾಡ." ಕಾಲಿಗೆ ಬಿದ್ದೆ. ಈ ಸಲ ಮಾಸ್ಕು ಇರಲಿಲ್ಲ, ಅತ್ತದ್ದು ಎಲ್ಲರಿಗೂ ಕಂಡಿತು.

ಅವರು ಇಳಿದು ಹೋದ ಮೇಲೆ ಬಾಗಿಲಲ್ಲಿ ಕಾಕಾ. ಬೆವರಿಗೆ ಹಣೆಯ ವಿಭೂತಿ ಅರ್ಧ ಅಳಿಸಿತ್ತು. ಕೈ ಮುಗಿದು ಬೇಡಿಕೊಂಡರು: "ಡಾಕ್ಟರ್‌ಬಾಯಿ, ನಿಮ್ಮ ಪೇಶಂಟ್‌ದು ಆವಾಜ್ ಸ್ವಲ್ಪ ಕಡಿಮಿ ಮಾಡಸ್ರಿ. ಹುಡುಗೋರು ಹೆದರ್ಯಾವ."

ಮರುದಿನ ದಸರೆ. ಕಾಕಾಗೆ ಬನ್ನಿ ಎಲೆ ಕೊಟ್ಟು, ಹಬ್ಬದ ವಾಡಿಕೆಯಂತೆ ಬಂಗಾರದಂಗ ಇರೋಣ ಎನ್ನಲು ಮೆಟ್ಟಿಲು ಹತ್ತಿದೆ. ನನ್ನ ಬೋರ್ಡು ಇದ್ದಲ್ಲೇ ಇತ್ತು. ಅದರ ಪಕ್ಕದ ಬಾಗಿಲಿಗೆ, ಚೆಂಡುಹೂವಿನ ಮಾಲೆಯ ಕೆಳಗೆ, ಇನ್ನೂ ಬಣ್ಣ ಆರದ ಹೊಸದೊಂದು ಬೋರ್ಡು:

'ಪಕ್ಕದಲ್ಲಿ ಕಿರುಚುವವರು ನಮ್ಮ ಗಿರಾಕಿಗಳಲ್ಲ. ನಮ್ಮಲ್ಲಿ ಸತ್ತವರು ಮತ್ತೆ ಏಳುತ್ತಾರೆ.'