ನಿಂಬೆಹಣ್ಣಿಗೆ ಸೋತ ಟ್ಯಾಂಕು

ನನ್ನ ಕೈಗೆ ರಿಮೋಟ್ ಬಂತೆಂದರೆ ಏನಾದರೊಂದು ಆಗಲೇಬೇಕು. ಏನೂ ಆಗದ ದಿನ ಬ್ಯಾಟರಿ ಇರಲಿಲ್ಲ ಎಂದು ತಿಳಿಯಬೇಕು.

ಬೀದರಿನ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲಾ ಮಾಸ್ತರ. ಬಿಡುವಿದ್ದಾಗ ಟ್ಯಾಂಕು ಮಾಡುತ್ತೇನೆ. ನೀರಿನದಲ್ಲ, ಯುದ್ಧದ್ದು. ತಗಡು ಕತ್ತರಿಸಿ, ಮೋಟರು ಕೂಡಿಸಿ, ಸರಪಳಿ ಗಾಲಿ ತೊಡಿಸಿ, ದೊಡ್ಡ ಬೆಕ್ಕಿನಷ್ಟಿರುವ ಒಂದನ್ನು ಮಾಡಿದ್ದೆ. ಅದು ಬರದ ಬೇಸಿಗೆ. ದುಡಿಯಲು ಹೈದರಾಬಾದು, ಪುಣೆ ಎಂದು ಜನ ಹೋಗಿ, ನಮ್ಮ ಓಣಿಯ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಉಳಿದವರು ನೀರಿಗೆ ಸಾಲು ಹಚ್ಚುತ್ತಿದ್ದರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ, ಸಾಲಿನಲ್ಲಿ ನಿಂತು, ಕೊಡ ಹೊತ್ತು ಮನೆಗೆ ಬಂದರೆ ನಾನು ಟ್ಯಾಂಕಿಗೆ ಹಸಿರು ಬಣ್ಣ ಬಳಿಯುತ್ತ ಕೂತಿದ್ದೆ.

"ಮಳಿ ಬರೂದರೊಳಗ ಇದು ಮನಿಗೆ ಒಂದರೆ ಉಪಯೋಗ ಆಗಬೇಕ್ರಿ. ಇಲ್ಲಂದ್ರ ಭಂಗಾರದವನ ತಕ್ಕಡಿಗೆ ಹಾಕ್ತೇನಿ," ಎಂದಳು.

ಹಳೇ ಸಾಮಾನು ಕೊಳ್ಳುವ ಭಂಗಾರದವನು ವಾರಕ್ಕೊಮ್ಮೆ ನಮ್ಮ ಓಣಿಗೆ ಬರುತ್ತಿದ್ದ. ಆಕೆಯೋ ನರ್ಸು, ಸೂಜಿ ಚುಚ್ಚುತ್ತೇನೆ ಎಂದರೆ ಚುಚ್ಚಿಯೇ ತೀರುವವಳು. ಒಂದು ಶಾಲು, ಒಂದು ಬಹುಮಾನ ಬಂದರಾದರೂ ಉಪಯೋಗದ ಲೆಕ್ಕಕ್ಕೆ ಬಂದೀತು ಎಂದು ನಾನು ಹವ್ಯಾಸ ಪ್ರದರ್ಶನಗಳಿಗೆ ಹೊರಟೆ.

ಗಾಡಿಪೂಜೆ

ಮೊದಲನೆಯದು ಬೀದರಿನಲ್ಲೇ. ಒಂದು ಕಡೆ ನಿಜಾಮರ ಕಾಲದ ನಾಣ್ಯ, ಇನ್ನೊಂದು ಕಡೆ ಅಂಚೆಚೀಟಿ, ನಡುವೆ ಮರಳಿನ ಗುಡ್ಡ ಮಾಡಿಕೊಂಡು ನನ್ನ ಟ್ಯಾಂಕು. ಮುಖ್ಯ ಅತಿಥಿಗಳು ನಿವೃತ್ತ ಸುಬೇದಾರರು. ಹೊಸ ಗಾಡಿ ಪೂಜೆಯಿಲ್ಲದೆ ಹ್ಯಾಂಗ ಹೊರಡುತ್ತದೆ ಎಂದು ಸಂಘಟಕರು ಹಟ ಹಿಡಿದರು. ಕುಂಕುಮ ಹಚ್ಚಿದರು, ಊದಿನಕಡ್ಡಿ ಬೆಳಗಿದರು, ಸರಪಳಿಯ ಮುಂದೆ ಒಂದು ನಿಂಬೆಹಣ್ಣನ್ನೂ ಇಟ್ಟರು.

ನಿಜವಾದ ಗಾಡಿಯಾದರೆ ನಿಂಬೆಹಣ್ಣನ್ನು ಅರೆದು ಮುಂದೆ ಹೋಗುತ್ತದೆ. ನನ್ನದು ಅದನ್ನು ಹತ್ತಿತು, ಇಳಿಯಲಿಲ್ಲ. ಹೊಟ್ಟೆಯ ಕೆಳಗೆ ಹಣ್ಣು ಸಿಕ್ಕಿ, ಸರಪಳಿಗಳು ಗಾಳಿಯಲ್ಲಿ ತಿರುಗಿದವು. ಗಾಬರಿಯಲ್ಲಿ ನಾನು ರಿಮೋಟಿನ ಎಲ್ಲ ಗುಂಡಿ ಒತ್ತಿದೆ. ತೋಪಿನ ಕೊಳವೆ ನಿಧಾನವಾಗಿ ಹೊರಳಿ ಸುಬೇದಾರರ ಹೊಟ್ಟೆಗೆ ಗುರಿಯಿಟ್ಟು ನಿಂತಿತು.

ಅವರು ನನ್ನನ್ನು ಬದಿಗೆ ಕರೆದರು. "ಮಾಸ್ತರ್ರ, ಈ ಮಾತು ಹೊರಗ ಹೋಗಬಾರದ್ರಿ. ಒಂದು ಚೀಲ ನಿಂಬಿಹಣ್ಣಿಂದ ಆಗೂ ಕೆಲಸಕ್ಕ ನಾವು ಸುಮ್ಮನ ಇಷ್ಟು ವರ್ಷ ಬಂದೂಕ ಹೊತ್ತೀವಿ."

ಮೆಹಕರದ ಅಜ್ಜಿ

ಭಾಲ್ಕಿಯ ಪ್ರದರ್ಶನದಲ್ಲಿ ನಿಂಬೆಹಣ್ಣು ಒಳಗೆ ಬರದಂತೆ ನೋಡಿಕೊಂಡೆ. ಟ್ಯಾಂಕು ಗುಡ್ಡ ಹತ್ತಿತು, ಇಳಿಯಿತು, ಜನ ಚಪ್ಪಾಳೆ ಹೊಡೆದರು. ಮೆಹಕರ ಹಳ್ಳಿಯಿಂದ ಮೊಮ್ಮಕ್ಕಳ ಜೊತೆ ಬಂದ ಒಬ್ಬ ಅಜ್ಜಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಎತ್ತಿನ ಬಜಾರಿನಲ್ಲಿ ನಿಂತವಳ ಹಾಗೆ ಅದರ ಸುತ್ತ ತಿರುಗಿದಳು. ಏನು ತಿನ್ನುತ್ತದೆ ಎಂದು ಕೇಳಿದಳು. ಏನೂ ತಿನ್ನುವುದಿಲ್ಲ, ಬ್ಯಾಟರಿ ಮೇಲೆ ನಡೆಯುತ್ತದೆ ಎಂದೆ. ಮೇವು ಸಿಗದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅಜ್ಜಿಯ ಹುಬ್ಬು ಮೇಲೇರಿತು. ನೀರನ್ನೂ ಕುಡಿಯುವುದಿಲ್ಲವೇ? ಹನಿಯೂ ಇಲ್ಲ ಎಂದೆ. ಒದೆಯುತ್ತದೆಯೇ? ಇಲ್ಲವೇ ಇಲ್ಲ. ಕೊನೆಗೂ ನನ್ನ ಟ್ಯಾಂಕಿನ ಬೆಲೆ ತಿಳಿದವರೊಬ್ಬರು ಸಿಕ್ಕರಲ್ಲ ಎಂದು ನಾನು ಉಬ್ಬಿಹೋದೆ.

"ಸಗಣಿ ಹಾಕ್ತದೇನು?" ಎಂದಳು.

ಇಲ್ಲ ಅಜ್ಜಿ, ಅದೆಂಥದೂ ಇಲ್ಲ, ಬಲು ಸ್ವಚ್ಛ ಎಂದೆ.

ಅಜ್ಜಿ ಮೊಮ್ಮಕ್ಕಳ ಕೈ ಹಿಡಿದುಕೊಂಡಳು. "ನಡೀರಿ. ಸಗಣಿ ಸುದ್ದಾ ಹಾಕದ್ದು ಏನ್ ಕೆಲಸದ್ದು?"

ಮನೆಗೆ ಬಂದು ಹೇಳಿದರೆ ಹೆಂಡತಿ, ಅಜ್ಜಿ ಶ್ಯಾಣ್ಯಾಕಿ ಅದಾಳ ಎಂದು ಅಜ್ಜಿಯ ಬುದ್ಧಿ ಮೆಚ್ಚಿದಳು.

ಪಹಿಲಾ ನೀವು

ಔರಾದಿನ ಪ್ರದರ್ಶನಕ್ಕೆ ಹೋಗುವಾಗ ಒಂದು ಉಪಾಯ ಮಾಡಿದೆ. ಸಗಣಿ ಹಾಕದಿದ್ದರೂ ಚಹಾ ಕೊಡಬಹುದಲ್ಲ! ಟ್ಯಾಂಕಿನ ನೆತ್ತಿಯ ಮೇಲೆ ಕಪ್ಪು ಬಸಿ ಕೂಡುವಂತೆ ಒಂದು ತಗಡು ಬಿಗಿದೆ. ಊರಲ್ಲಿ ಜನ ಕಡಿಮೆ, ಅತಿಥಿಗಳಿಗೆ ಬರವಿಲ್ಲ. ಕೆಳಗೆ ಕೂತವರಿಗಿಂತ ವೇದಿಕೆಯ ಮೇಲೆ ಕೂತವರೇ ಹೆಚ್ಚು.

ಟ್ಯಾಂಕು ಚಹಾ ಹೊತ್ತು ಅಧ್ಯಕ್ಷರ ಮುಂದೆ ಹೋಗಿ ಹನಿ ಚೆಲ್ಲದೆ ನಿಂತಿತು. ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟು, ತಮಗಿಂತ ಹಿರಿಯರು ಇದ್ದಾರೆ ಎಂದು ಉದ್ಘಾಟಕರ ಕಡೆ ತೋರಿಸಿದರು. ಉದ್ಘಾಟಕರು, ಹಿರಿತನ ವಯಸ್ಸಿಂದಲ್ಲ ಎಂದು ಹೆಡ್‌ಮಾಸ್ತರರ ಕಡೆ ತೋರಿಸಿದರು. ಹೆಡ್‌ಮಾಸ್ತರರು, ಅಧ್ಯಕ್ಷರಿರುವಾಗ ತಾವು ಹ್ಯಾಂಗ ಕುಡಿಯುವುದು ಎಂದು ತಿರುಗಿ ಕಳಿಸಿದರು. ಪಹಿಲಾ ನೀವು, ಪಹಿಲಾ ನೀವು ಎನ್ನುತ್ತ ಎಲ್ಲರೂ ಅದನ್ನು ಆ ತುದಿಯಿಂದ ಈ ತುದಿಗೆ ಅಟ್ಟಿದರು. ಯಾವ ಯುದ್ಧದಲ್ಲಿಯೂ ಟ್ಯಾಂಕು ಇಷ್ಟು ಅಲೆದಿರಲಾರದು. ಕಡೆಗೆ ವೇದಿಕೆಯ ನಟ್ಟನಡುವೆ ಬ್ಯಾಟರಿ ಮುಗಿದು ಅದು ನಿಂತೇಬಿಟ್ಟಿತು. ಎದ್ದು ಹೋಗಿ ಚಹಾ ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆಂದು ಯಾರೂ ಏಳಲಿಲ್ಲ.

ಕುರ್ಚಿ ಎತ್ತಲು ಬಂದ ಜವಾನ ಆ ಚಹಾ ಎತ್ತಿ ಗಟಗಟ ಕುಡಿದು ನನ್ನ ಕಡೆ ನೋಡಿದ. "ಬಿಸಿ ಇರಲಿಲ್ರಿ. ಮುಂದಿನ ಸಲ ಸೀದಾ ನನ್ನ ಕಡೀಗೇ ಕಳಸ್ರಿ."

ಕೊಡದ ಸಾಲು

ಶಾಲೂ ಬರಲಿಲ್ಲ, ಮಳೆಯೂ ಬರಲಿಲ್ಲ. ಒಂದು ಮುಂಜಾನೆ ಹೆಂಡತಿ ಡ್ಯೂಟಿಗೆ ಹೊರಟವಳು, ಇವತ್ತು ನೀರು ನೀವೇ ಹಿಡಿಯಬೇಕು, ಸಂಜೆ ಭಂಗಾರದವನು ಬರುತ್ತಾನೆ, ನೆನಪಿರಲಿ ಎಂದು ಎರಡೂ ಮಾತನ್ನು ಒಟ್ಟಿಗೇ ಹೇಳಿ ಹೋದಳು.

ನಮ್ಮ ಓಣಿಯ ಕಾಯ್ದೆ ಸರಳ. ಸಾಲಿನಲ್ಲಿ ಮನುಷ್ಯ ನಿಲ್ಲಬೇಕಿಲ್ಲ, ಕೊಡ ನಿಂತರೆ ಸಾಕು. ಆದರೆ ಸಾಲು ಸರಿದಾಗ ಕೊಡವನ್ನೂ ಮುಂದೆ ಸರಿಸಬೇಕು, ಇಲ್ಲವಾದರೆ ಪಾಳಿ ಹೋಯಿತು. ಆ ಬಿಸಿಲಿನಲ್ಲಿ ಹೆಂಗಸರೆಲ್ಲ ಕೊಡ ಸರಿಸುತ್ತ ಬೇಯುತ್ತಿದ್ದರು. ನನಗೆ ಹೊಳೆಯಿತು. ಟ್ಯಾಂಕಿನ ಮೂತಿಗೆ ಒಂದು ಹಲಗೆ ಕಟ್ಟಿ, ಬೇವಿನ ನೆರಳಲ್ಲಿ ಕಟ್ಟೆಯ ಮೇಲೆ ಕೂತು, ಪರೀಕ್ಷೆಗೆಂದು ಪಕ್ಕದ ಮನೆಯಾಕೆಯ ಖಾಲಿ ಪ್ಲಾಸ್ಟಿಕ್ ಕೊಡವನ್ನು ದೂಡಿದೆ. ಕೊಡ ಸರಕ್ಕನೆ ಮುಂದೆ ಹೋಯಿತು. ನಮ್ಮದೂ ದೂಡ್ರಿ, ನಮ್ಮದೂ ದೂಡ್ರಿ ಎಂದು ಎಲ್ಲರೂ ನನಗೊಪ್ಪಿಸಿ ರೊಟ್ಟಿ ಬಡಿಯಲು ಹೋದರು. ಓಣಿಯಲ್ಲಿ ನರಪಿಳ್ಳೆಯಿಲ್ಲ, ಕೊಡಗಳು ಮಾತ್ರ ತಾವಾಗಿಯೇ ನಡೆದು ಬರುತ್ತಿವೆ. ನೀರಿನ ಗಾಡಿಯ ಡ್ರೈವರ್ ಕಣ್ಣುಜ್ಜಿಕೊಂಡು, ಪಾಳಿ ಬಂದ ಕೊಡಕ್ಕೆಲ್ಲ ನೀರು ಬಿಟ್ಟ. ಆವತ್ತಿನಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಕೊನೆಯ ಕೊಡ ತುಂಬಿತು, ಗಾಡಿ ಹೋಯಿತು, ಹೆಂಗಸರು ಬಂದು ತಮ್ಮ ತಮ್ಮ ಕೊಡ ಹೊತ್ತೊಯ್ದರು. ನಮ್ಮ ಕೊಡ ಎತ್ತಿಕೊಳ್ಳೋಣವೆಂದು ಎದ್ದೆ. ಅದು ಎಲ್ಲಿಯೂ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ, ಹೆಂಡತಿ ತೊಳೆದು ಬೋರಲು ಹಾಕಿದ ಹಾಗೆಯೇ ಬಚ್ಚಲಲ್ಲಿ ಕೂತಿತ್ತು. ಅದನ್ನು ಸಾಲಿಗೆ ಇಡುವುದನ್ನೇ ನಾನು ಮರೆತಿದ್ದೆ.

ಸಂಜೆ ಆಕೆ ಬಂದಳು, ಬಚ್ಚಲು ನೋಡಿದಳು. ಟ್ಯಾಂಕನ್ನು ಎತ್ತಿ ಒಯ್ದು ಭಂಗಾರದವನ ತಕ್ಕಡಿಯಲ್ಲಿಟ್ಟಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಆ ದಿನ ನಮ್ಮ ಮನೆಯಲ್ಲಿದ್ದ ನೀರು ಅದೊಂದೇ.

ಅಷ್ಟರಲ್ಲಿ ಸುದ್ದಿ ಹಬ್ಬಿ ಓಣಿಯ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರೂ ಅರ್ಧರ್ಧ ಕೊಡ ತಂದು ನಮ್ಮ ಹಂಡೆಗೆ ಸುರಿದರು. ಹಂಡೆ ತುಂಬಿ ತುಳುಕಿತು. ಪಕ್ಕದ ಮನೆಯಾಕೆ ತಕ್ಕಡಿಗೆ ಅಡ್ಡ ಕೈ ಹಿಡಿದಳು.

"ಸಿಸ್ಟರ್ರ, ಬೇಕಂದ್ರ ಮಾಸ್ತರನ್ನ ಕೊಡ್ರಿ. ಗಾಡಿ ಒಂದು ಕೊಡಬ್ಯಾಡ್ರಿ."

ಹೆಂಡತಿ ಹಂಡೆ ನೋಡಿದಳು, ಟ್ಯಾಂಕು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. ಟ್ಯಾಂಕನ್ನು ತಕ್ಕಡಿಯಿಂದ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಹಂಗಾರ ಇವರನ್ನೇ ತೂಗು ಎಂದು ಭಂಗಾರದವನಿಗೆ ಹೇಳಿದಳು.

ಅವನು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ ತಕ್ಕಡಿ ಮಡಚಿದ.

"ಬ್ಯಾಡ್ರಿ ಬಾಯಿ. ನಾವು ಕೆಲಸಕ್ಕ ಬರೂ ಸಾಮಾನ ಅಷ್ಟ ತಗೋತೇವ್ರಿ."