ಅಮಾತೆಪ್ಪನ ಕಿಸೆ ಸೀರೆ

ಎಲ್ಲದಕ್ಕೂ ಮೂಲ ಗುರುಲಿಂಗವ್ವನ ಸೆರಗಿನ ಗಂಟು. ಮನೆಯ ಕೀಲಿಕೈ, ಎಂಟಾಣೆ, ಅಡಿಕೆ ಚೂರು, ದವಾಖಾನೆಯ ಚೀಟಿ, ಎಲ್ಲವನ್ನೂ ಆಕೆ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಇಳಕಲ್ಲಿನ ಯಾವ ಹೆಂಗಸು ಕಟ್ಟಿಕೊಳ್ಳುವುದಿಲ್ಲ? ಆದರೆ ಗಂಟು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ, ಮೂರೇ ತಿಂಗಳಲ್ಲಿ ರೇಷ್ಮೆಯ ಸೆರಗು ಹರಿದುಹೋಯಿತು. ನೇಕಾರನ ಹೆಂಡತಿಯೇ ಹರಕು ಸೆರಗು ಹೊದ್ದು ತಿರುಗಿದರೆ ಓಣಿಯವರು ಬಿಟ್ಟಾರೆಯೇ?

ಅವಮಾನ ತಾಳದೆ ಆಕೆಯ ಗಂಡ ಅಮಾತೆಪ್ಪ ಎರಡು ತಿಂಗಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ತಲೆ ಕೆಡಿಸಿಕೊಂಡ. ಕೊನೆಗೆ ಸೆರಗಿನ ಮೂಲೆಯಲ್ಲಿ ನಾಲ್ಕು ಬೆರಳಗಲ ಎರಡು ಪದರ ಬರುವಂತೆ ನೇಯ್ದು, ಪುಟ್ಟದೊಂದು ಕಿಸೆಯನ್ನೇ ಮಾಡಿಬಿಟ್ಟ. ಹೊಲಿಗೆಯಿಲ್ಲ, ತೇಪೆಯಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗದು. ಗುಟ್ಟು ಬಯಲಾದೀತೆಂದು ಹೆಂಡತಿಗೂ ಹೇಳಲಿಲ್ಲ. ಊರಿನ ನೇಕಾರರ ಮಾಲನ್ನೆಲ್ಲ ತನ್ನ ಹೆಸರಿನ ಮುದ್ರೆಯ ಶಿಕ್ಕಾ ಒತ್ತಿ ಮಾರುವ ಹೊಳಬಸಪ್ಪ ಸಾವಕಾರನ ಅಂಗಡಿಗೆ ಅಂಥ ಆರು ಸೀರೆ ಕೊಟ್ಟ. ವಾರದೊಳಗೆ ಐದು ಖಾಲಿ; ಮೊದಲು ನೇಯ್ದದ್ದನ್ನು ಸಾವಕಾರ ತನ್ನಲ್ಲೇ ಇಟ್ಟುಕೊಂಡ.

ಸಾವಕಾರ ಅವನನ್ನು ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿದ. "ಭಾಳ ಶ್ಯಾಣ್ಯಾ ಇದ್ದಿ ಬಿಡಪಾ. ಇದನ್ನ ಹೆಂಗ ನೇಯ್ದಿ?"

ಇಪ್ಪತ್ತು ವರ್ಷದಲ್ಲಿ ಯಾರೂ ಅಮಾತೆಪ್ಪನನ್ನು ಗಾದಿಯ ಮೇಲೆ ಕೂರಿಸಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದ ಅವನು ಎಳೆಎಳೆಯಾಗಿ ಎಲ್ಲವನ್ನೂ ಬಿಡಿಸಿ ಹೇಳಿದ. ಕಟ್ಟಿಕೊಂಡ ಹೆಂಡತಿಗೆ ಹೇಳದ ಗುಟ್ಟು ಅರ್ಧ ಕಪ್ಪು ಚಹಾಕ್ಕೆ ಹೋಯಿತು.

ತಿಂಗಳು ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ಬಾನುಬಿ ಕುಣಿದಾಡುತ್ತ ಬಂದಳು.

"ಅಣ್ಣಾ, ನೋಡಿಲ್ಲಿ! ಸಾವಕಾರ್ರ ಅಂಗಡ್ಯಾಗ ಹೊಸಾ ನಮೂನಿ ಬಂದೈತಿ. ಸೆರಗಿನ್ಯಾಗ ಕಿಸೆ! ನೀನೂ ಹಿಂತಾದೇನರ ತಲಿ ಓಡಸಬಾರದ? ಬರೇ ಹಳೀ ನಮೂನಿನ ನೇಯ್ಕೋತ ಕುಂದರ್ತಿ."

ಅಮಾತೆಪ್ಪ ಆ ಸೆರಗನ್ನು ತಿರುವಿ ನೋಡಿದ. ಕಿಸೆ ತನ್ನದು, ಕೈ ತನ್ನದಲ್ಲ. ಮೈಯೆಲ್ಲ ಉರಿದುಹೋಯಿತು.

"ಕಳ್ಳ! ಹಗಲುಗಳ್ಳ! ಇದು ನಂದು!" ಎಂದು ಅವನು ಕೂಗಿದ ಕೂಗಿಗೆ ಓಣಿಯೇ ಸೇರಿತು. ಮೊದಲು ಬಂದವರು ಸಂಗಯ್ಯ ಮಾಸ್ತರರು. ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವಾಗಿದ್ದರೂ ಅವರು ಇನ್ನೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಎಲ್ಲ ಕೇಳಿ, "ಅರ್ಜಿ ಬರಿಯೂಣು. ಮೂರು ಪ್ರತಿ," ಎಂದು ಪಿಸುಗುಟ್ಟಿದರು.

ಎದುರು ಮನೆಯ ನೇಕಾರ ಲಾಡಸಾಬನಿಗಂತೂ ಅಮಾತೆಪ್ಪನಿಗಿಂತ ಹೆಚ್ಚು ಸಿಟ್ಟು. "ಬಡವರ ಹೊಟ್ಟಿ ಮ್ಯಾಲೆ ಹೊಡ್ಯಾಕ ಹತ್ಯಾರ! ಬಿಡಬಾರದು ಲೇ ಅಮಾತೆಪ್ಪಾ! ನಡಿ, ಈಗಿಂದೀಗ ಅಂಗಡಿಗೆ ಹೋಗೂಣು. ಒಂಚೂರು ನಿಲ್ಲು, ಮಗ್ಗದ ಮ್ಯಾಲಿನ ಸೀರಿ ಮುಚ್ಚಿ ಬರ್ತೇನಿ."

"ಯಾವ ಸೀರಿ?"

ಲಾಡಸಾಬ ನಾಲಿಗೆ ಕಚ್ಚಿಕೊಂಡ. "ಅದ... ಕಿಸೆದ್ದು. ಸಾವಕಾರ್ರ ಹೇಳಿದ್ರು, ನೇಯಾಕ ಹತ್ತೇನಿ. ಓಣ್ಯಾಗ ಎಲ್ಲಾರೂ ಅದನ್ನ ನೇಯಾಕ ಹತ್ಯಾರ. ನಿಂದು ಅಂತ ಯಾರಿಗೆ ಗೊತ್ತಪಾ? ನೀ ಹೇಳೀಯೇನು?"

ಅದೂ ಖರೆಯೇ. ಹದಿನೈದು ದಿನದಿಂದ ಓಣಿಯ ಮಗ್ಗಗಳೆಲ್ಲ ಲಟಕ್ ಪಟಕ್ ಎಂದು ಬಡಿದುಕೊಳ್ಳುತ್ತಿದ್ದುದು ಅವನ ಕಿಸೆಯನ್ನೇ. ಅವನು ಮಾತ್ರ ಹಬ್ಬದ ಹಂಗಾಮು ಜೋರಾಗಿದೆ ಎಂದುಕೊಂಡು ಸುಮ್ಮನಿದ್ದ.

ಓಣಿಗೆ ಓಣಿಯೇ ಅಂಗಡಿಗೆ ನಡೆಯಿತು. ಹೊಸದಾಗಿ ನೇಯ್ದಿದ್ದ ನಾಲ್ಕು ಕಿಸೆ ಸೀರೆ ಅಮಾತೆಪ್ಪನ ಬಗಲಲ್ಲಿದ್ದವು. ಸಾವಕಾರ ಗಾದಿಯಿಂದ ಅಲುಗಲೂ ಇಲ್ಲ.

"ಕಿಸೆ ಅನ್ನೂದು ನಿಮ್ಮಪ್ಪನ ಆಸ್ತಿ ಏನೋ? ನನ್ನ ಅಂಗಿಗೂ ಕಿಸೆ ಐತಿ. ಅದನ್ನೂ ನೀನ ಹಚ್ಚೀಯೇನು?"

ಜನ ಗೊಳ್ಳೆಂದು ನಕ್ಕರು. ಅಮಾತೆಪ್ಪನ ಪರವಾಗಿ ಬಂದವರೇ ಹೆಚ್ಚು ನಕ್ಕರು. ಕದ್ದವನು ಮೆತ್ತಗೆ ಕುಳಿತು ನಗಬೇಕು, ಕಳಕೊಂಡವನು ನಿಂತು ಬೆವರಬೇಕು, ಇದೆಂಥ ನ್ಯಾಯ?

"ನಗಬ್ಯಾಡ್ರಿ!" ಅಮಾತೆಪ್ಪ ಗಾದಿಯ ಹತ್ತಿರಕ್ಕೇ ನುಗ್ಗಿದ. "ನಿಮ್ಮ ಅಂಗಡ್ಯಾಗಿನ ಒಂದೊಂದು ಸೀರಿ ಕಿಸೆನೂ ಒಳಮಗ್ಗಲಾ ಹೊಳ್ಳಿಸಿ ನೋಡ್ರಿ. ತಳದಾಗ ಮೂರು ಹಸರ ಎಳಿ ಇರ್ತಾವು. ಯಾಕ ಗೊತ್ತೇನ್ರಿ? ಮೊದಲನೇ ಸೀರಿ ನೇಯುವಾಗ ನನ್ನ ಕಡೆ ಕೆಂಪು ರೇಷ್ಮಿ ಮುಗದಿತ್ತು!"

ಬಾನುಬಿ ತನ್ನ ಸೆರಗಿನ ಕಿಸೆಯನ್ನು ಅಲ್ಲೇ ತಿರುವಿದಳು. ಮೂರು ಹಸಿರು ಎಳೆ. ಜನ ಕಪಾಟಿನ ಸೀರೆಗಳನ್ನು ಎಳೆದೆಳೆದು ನೋಡಿದರು. ಎಲ್ಲದರಲ್ಲೂ ಮೂರು ಹಸಿರು ಎಳೆ.

"ನಾ ಕೇಳಿದ್ದೆ, ಹಸರ ಯಾಕ್ರೀ ಅಂತ," ಎಂದು ಲಾಡಸಾಬ ಬಾಯಿಬಿಟ್ಟ. "ಮಾದರ್ಯಾಗ ಇದ್ದಂಗ ನೇಯಲೇ ಅಂದ್ರು ಸಾವಕಾರ್ರು."

ಈಗ ಯಾರೂ ನಗಲಿಲ್ಲ. ಸಾವಕಾರ ಎದ್ದು ಬಂದು, ಅಮಾತೆಪ್ಪನ ಎರಡೂ ಕೈ ಹಿಡಿದುಕೊಂಡ. "ತಪ್ಪಾತು. ನಿನಗೇನು ಬೇಕು ಕೇಳು ತಮ್ಮಾ."

ಬುದ್ಧಿವಂತನಾದರೆ ಬೇರೇನಾದರೂ ಕೇಳುತ್ತಿದ್ದ. ಅಮಾತೆಪ್ಪ ಕೇಳಿದ್ದು ಇಷ್ಟೇ: "ನನ್ನ ಹೆಸರು ರೀ. ಇದು ಅಮಾತೆಪ್ಪಂದು ಅಂತ ಮಂದಿ ಅನಬೇಕು. ಅಷ್ಟ ಸಾಕು."

"ಅಷ್ಟನ?" ಎಂದ ಸಾವಕಾರನ ಮುಖ ಹುಣ್ಣಿಮೆಯಂತೆ ಅರಳಿತು. ಕೂಡಲೇ ಪೇಂಟರ್ ನಜೀರಸಾಬನಿಗೆ ಹೇಳಿಕಳಿಸಿದ. ಒಕ್ಕಣೆ ಸಂಗಯ್ಯ ಮಾಸ್ತರರದು. ಹನ್ನೆರಡು ಗಂಟೆಗೆಲ್ಲ ಅಂಗಡಿಯ ನೆತ್ತಿಯ ಮೇಲೆ ಬೋರ್ಡು ಏರಿತು: 'ಅಮಾತೆಪ್ಪನ ಕಿಸೆ ಸೀರೆ. ಅಸಲಿ ಮಾಲು ಇಲ್ಲಿ ಮಾತ್ರ. ನಕಲಿಗೆ ಮೋಸಹೋಗದೆ ನಮ್ಮ ಶಿಕ್ಕಾ ನೋಡಿ ಕೊಳ್ಳಿರಿ.'

ಜನ ಚಪ್ಪಾಳೆ ತಟ್ಟಿದರು. ಅಮಾತೆಪ್ಪ ಕಣ್ಣೊರೆಸಿಕೊಂಡು, ಬಗಲಲ್ಲಿದ್ದ ನಾಲ್ಕು ಸೀರೆಗಳನ್ನು ಸಾವಕಾರನ ಮುಂದೆ ಇಟ್ಟ.

"ಇವು ಈಗ ಬ್ಯಾಡಪಾ, ಗೋದಾಮು ತುಂಬೇತಿ," ಎಂದ ಸಾವಕಾರ, ಮೆಲ್ಲಗೆ ಹಿಂದಕ್ಕೆ ಸರಿಸುತ್ತ. "ಹೆಸರಂತೂ ಬಂತಲ್ಲ."

ಇರಲಿ, ಹೆಸರಿದ್ದ ಮೇಲೆ ಕೊಳ್ಳುವವರಿಗೇನು ಬರಗಾಲ ಎಂದುಕೊಂಡು ಅಮಾತೆಪ್ಪ ಸಂಜೆ ಅವುಗಳನ್ನು ಹೊತ್ತು ಬಸ್ ಸ್ಟ್ಯಾಂಡಿಗೆ ಹೋದ. ಹುನಗುಂದದ ಬಸ್ಸಿಗೆ ಕಾಯುತ್ತ ಕುಳಿತಿದ್ದ ಹಿರಿಯ ಹೆಂಗಸೊಬ್ಬಳ ಮುಂದೆ ಒಂದನ್ನು ಬಿಚ್ಚಿ ಹಿಡಿದ. ಆಕೆ ಕಿಸೆಯಲ್ಲಿ ಬೆರಳಾಡಿಸಿದಳು, ತಲೆದೂಗಿದಳು, ಆಮೇಲೆ ಸೀರೆಯ ಮೂಲೆಮೂಲೆಯನ್ನೂ ತಿರುವಿದಳು.

"ಶಿಕ್ಕಾ ಎಲ್ಲೈತಿ?"

"ಇದಕ್ಕ ಶಿಕ್ಕಾ ಇಲ್ಲಬೇ. ಆದ್ರ ಅಸಲಿ ಐತಿ."

"ಶಿಕ್ಕಾ ಇಲ್ಲ ಅಂದ್ರ ಡೂಪ್ಲಿಕೇಟ್. ಬೋರ್ಡಿನ ಮ್ಯಾಲ ಬರದಾರಲ್ಲ! ಅಸಲಿ ಅಮಾತೆಪ್ಪಂದು ನಾ ಆಗಳೇ ತೊಗೊಂಡೇನಿ," ಎಂದು ಆಕೆ ಮಡಿಲಲ್ಲಿದ್ದ ಗಂಟನ್ನು ತಟ್ಟಿದಳು.

"ಯವ್ವಾ, ನಾನ ಅಮಾತೆಪ್ಪ!"

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾಚಿಕಿ ಆಗೂದಿಲ್ಲೇನೋ ಹಿಂಗ ಸತ್ತವರ ಹೆಸರು ಹೇಳಿ ತಿನ್ನಾಕ?"

"ಸತ್ತವರ? ಯಾರು ಹೇಳಿದ್ರು?"

"ಸಾವಕಾರ್ರ ಹೇಳಿದ್ರು. ಅಮಾತೆಪ್ಪ ಅಂತ ಭಾಳ ದೊಡ್ಡ ನೇಕಾರ ಇದ್ದನಂತ. ಸಾಯೂ ಮುಂದ ಸಾವಕಾರ್ರನ್ನ ಬಾಜೂಕ ಕುಂದರಿಸಿಕೊಂಡು, ಎಳಿ ಎಳಿ ಬಿಡಿಸಿ ಹೇಳಿ, ಎಲ್ಲಾ ವಿದ್ಯಾ ಅವರಿಗೇ ಒಪ್ಪಿಸಿ ಹ್ವಾದನಂತ. ಪುಣ್ಯಾತ್ಮ!"

ಹುನಗುಂದದ ಬಸ್ಸು ಬಂತು. ಆಕೆ ಹತ್ತಿಕೊಂಡು ಹೋದಳು. ಸುಳ್ಳು ಎಂದು ಕೂಗಲು ಅಮಾತೆಪ್ಪ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ. ಸತ್ತದ್ದೊಂದನ್ನು ಬಿಟ್ಟರೆ, ಎಳೆಎಳೆಯಾಗಿ ಬಿಡಿಸಿ ಹೇಳಿದ್ದಂತೂ ನಿಜವಾಗಿತ್ತು.